ಬಸಿದ ನೀರನ್ನು ಏನು ಮಾಡುತ್ತೀರಿ?

ನನ್ನ ಕಂಡಕ್ಟರ್ ಅಪ್ಪನಿಗೆ,

ಅನನ್ಯಾ ಒಳಗೆ ಈಜಿನ ಕ್ಲಾಸಿನಲ್ಲಿದ್ದಾಳೆ. ನಾನು ಹೊರಗೆ ಪಾರ್ಕಿಂಗಿನಲ್ಲಿ, ಕಾರಿನ ಸ್ಟಿಯರಿಂಗಿಗೆ ಪ್ಯಾಡು ಆನಿಸಿಕೊಂಡು ಬರೆಯುತ್ತಿದ್ದೇನೆ. ನಾವಿರುವ ಎವರ್‌ಗ್ರೀನಿನ ಗುಡ್ಡಗಳು ಮತ್ತೆ ಒಣಗಿ ಹಳದಿಯಾಗಿವೆ. "ಎಸ್ರು ಮಾತ್ರ ಎವರ್‌ಗ್ರೀನು, ನೋಡುದ್ರೆ ಬರೀ ಒಣಗಿದ ಉಲ್ಲು" ಅಂತ ನಗುತ್ತಿದ್ದೆಯಲ್ಲ, ಹಾಗೇ ಇವೆ. ನೀನು ಪಕ್ಕದ ಸೀಟಿನಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ, "ಯಾಕ್ ಮಗಾ, ಮಖ ಇಂಗ್ ಇಳೇ ಬುಟ್ಕಂಡಿದ್ದೀಯೆ?" ಅಂತ ಕೇಳಿರುತ್ತಿದ್ದೆ. ಸುಸ್ತಪ್ಪ. ಭಾನುವಾರ ಬಿಸಿಲೇರುವ ತನಕ ಮಲಗಿದ್ದೆ. ನಿನ್ನ ಅಳಿಯ ರವಿ ಕಾಫಿ ಮಾಡಿ ಮಂಚದ ಹತ್ತಿರಕ್ಕೇ ತಂದುಕೊಟ್ಟರು. ಆದರೂ ಮಲಗುವಾಗ ಎಷ್ಟು ಸುಸ್ತಿತ್ತೋ ಏಳುವಾಗಲೂ ಅಷ್ಟೇ ಇತ್ತು.

ನಿನಗೆ ಗೊತ್ತಿಲ್ಲದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನೀನು ಹೋದ ಮೇಲೆ ನಾನು ಮತ್ತೆ ಕಾಲೇಜಿಗೆ ಸೇರಿದೆ. ನಲವತ್ತು ದಾಟಿದ ಮೇಲೆ, ಬೆನ್ನಿಗೆ ಬ್ಯಾಗು ಹಾಕಿಕೊಂಡು, ನನ್ನನ್ನು "ಮ್ಯಾಮ್" ಅನ್ನಬೇಕೋ ಹೆಸರು ಹಿಡಿದು ಕರೆಯಬೇಕೋ ಗೊತ್ತಾಗದ ಹುಡುಗ ಹುಡುಗಿಯರ ನಡುವೆ ಕೂತು ಸೋಷಿಯಲ್ ವರ್ಕ್ ಓದುತ್ತಿದ್ದೇನೆ. ಇಲ್ಲಿನ ಆಸ್ಪತ್ರೆಗಳಲ್ಲಿ ಕಾಯಿಲೆಯನ್ನು ಡಾಕ್ಟರು ನೋಡುತ್ತಾರೆ. ಕಾಯಿಲೆಯ ಸುತ್ತ ಇರುವ ಮಿಕ್ಕಿದ್ದನ್ನೆಲ್ಲ, ಊಟ, ಓಡಾಟ, ಇನ್ಶೂರೆನ್ಸು, ವೀಸಾ, ಭಯ, ಇದನ್ನೆಲ್ಲ ನೋಡುವವರು ನಾವು. ಕ್ಲಾಸಿನಲ್ಲಿ ಇದಕ್ಕೆ ಆರೋಗ್ಯ ಸಮಾನತೆ ಎಂಬ ದೊಡ್ಡ ಹೆಸರಿದೆ. ಇನ್ನೇನು ಮುಗಿಯಿತು ಅನ್ನುವಾಗ, ಹೋದ ತಿಂಗಳು, ಬಿಟ್ಟುಬಿಡುತ್ತೇನೆ ಅಂತ ಹೇಳಿಬಿಟ್ಟೆ. ಈ ಹಾದಿಗೆ ನನ್ನನ್ನು ತಳ್ಳಿದವನು ನೀನು. ಹಾಗಾಗಿ ಇದರ ದೂರನ್ನೂ ನೀನೇ ಕೇಳಿಸಿಕೊಳ್ಳಬೇಕು.

ಡಯಾಲಿಸಿಸ್ ಸೆಂಟರಿನ ವ್ಯಾನು ಮೊದಲ ಸಲ ಮನೆ ಮುಂದೆ ಬಂದು ನಿಂತದ್ದು ನೆನಪಿದೆಯಾ? ನಾನು ಗಾಬರಿಯಾಗಿ ನಿನ್ನ ಕೈ ಹಿಡಿದುಕೊಂಡಿದ್ದೆ. ನೀನು ಮಾತ್ರ ವ್ಯಾನನ್ನು ಒಂದು ಸುತ್ತು ಹಾಕಿ, ಟೈರು ನೋಡಿ, ಬಾಗಿಲು ಎರಡು ಸಲ ತೆಗೆದು ಹಾಕಿ, "ಗಾಡಿ ವಾಸಿ ಕಣ್ ಮಗಾ" ಅಂದೆ. ಒಂದು ವಾರ ಕಳೆಯುವಷ್ಟರಲ್ಲಿ ಅದು ನಿನ್ನ ನಾಗಮಂಗಲದ ರೂಟಿನ ಬಸ್ಸೇ ಆಗಿಹೋಯಿತು. ಮೆಕ್ಸಿಕೋದ ಆ ಅಜ್ಜಿ ಹತ್ತಿ ಕೂತು ಬೆಲ್ಟು ಹಾಕಿಕೊಳ್ಳುವ ತನಕ ಡ್ರೈವರು ಗಾಡಿ ಬಿಡುವ ಹಾಗಿರಲಿಲ್ಲ. ವಿಯೆಟ್ನಾಮಿನ ತಾತ ಕಾಣದಿದ್ದರೆ ನೀನೇ ಇಳಿದು ಹೋಗಿ ಅವರ ಮನೆಯ ಕದ ತಟ್ಟುತ್ತಿದ್ದೆ. ಅವರಿಗೆ ಕನ್ನಡ ಬಾರದು, ನಿನಗೆ ಅವರ ಭಾಷೆ ಬಾರದು, ಆದರೂ ಆ ವ್ಯಾನಿನಲ್ಲಿ ಮಾತಿಗೆ ಬರ ಇರಲಿಲ್ಲವಂತೆ. ನೀವೆಲ್ಲ ಏನು ಮಾತಾಡಿಕೊಳ್ಳುತ್ತಿದ್ದಿರಿ ಅಪ್ಪ?

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ತೆಲುಗಿನ ಒಬ್ಬರು ಹೆಂಗಸು, "ಕಂಡಕ್ಟರ್ ಗಾರಿ ಅಮ್ಮಾಯಿ ಕದಾ?" ಅಂದರು, ಕಂಡಕ್ಟರರ ಮಗಳಲ್ಲವಾ ಅಂತ. ಅವರ ಗಂಡನ ಔಷಧಿಗೆ ಇನ್ಶೂರೆನ್ಸಿನವರು ಒಪ್ಪುತ್ತಿರಲಿಲ್ಲ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ವಿಚಾರಿಸಿದರೆ ನೀನು ಸೆಂಟರಿನಲ್ಲಿ ಕಂಡ ಕಂಡವರಿಗೆಲ್ಲ ನನ್ನ ನಂಬರು ಕೊಟ್ಟು, "ನಮ್ಮುಡ್ಗಿ ಅವ್ಳೆ, ಎಲ್ಲಾ ನೋಡ್ಕತಾಳೆ" ಅಂದಿದ್ದೆ. ಅವತ್ತು ನಾನು ನಿನ್ನ ಮೇಲೆ ಎಗರಾಡಿದೆ. "ನಾನೇನು ಎನ್‌ಕ್ವೈರಿ ಕೌಂಟರಾ ಅಪ್ಪ?" ಅಂದೆ. ನೀನು ಒಂದಿಷ್ಟೂ ಬೇಜಾರು ಮಾಡಿಕೊಳ್ಳದೆ, "ಬಸ್‌ಸ್ಟ್ಯಾಂಡ್ನಲ್ಲಿ ಅದೊಂದು ಕೌಂಟ್ರು ಇಲ್ದೆ ಓದ್ರೆ ಜನ ಎಲ್ಲಿಗೋದಾರು ಮಗಾ?" ಅಂದೆ. ನನ್ನನ್ನು ಒಂದು ಮಾತೂ ಕೇಳದೆ ಊರಿಗೆಲ್ಲ ಹಂಚಿಬಿಟ್ಟೆ.

ಡಯೆಟಿಷಿಯನ್ ಬಂದು ಊಟದ ಪಾಠ ಹೇಳಿದ ದಿನ ನೀನು ನನಗಿಂತ ಗಮನವಿಟ್ಟು ಕೇಳಿದ್ದೆ. ಕಿಡ್ನಿ ಕೆಟ್ಟವರ ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಎದೆಬಡಿತಕ್ಕೇ ಅಪಾಯ, ಅದಕ್ಕೆ ಎಳನೀರು ಬೇಡ, ಬಾಳೆಹಣ್ಣು ಬೇಡ, ತರಕಾರಿಯನ್ನು ಚೆನ್ನಾಗಿ ಬೇಯಿಸಿ ನೀರು ಬಸಿಯಿರಿ ಅಂದರು. ನಾನು ಅದನ್ನೆಲ್ಲ ಕನ್ನಡದಲ್ಲಿ ಹೇಳುತ್ತಾ ಹೋದೆ, ನೀನು ತಲೆಯಾಡಿಸುತ್ತಾ ಹೋದೆ. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದೆ: "ಬಸ್ದಿದ್ ನೀರ್ನ ಏನ್ ಮಾಡ್ಬೇಕು ಅಂತ ಕೇಳು." ನಾನು ಕೇಳಿದೆ. ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸಿಂಕಿಗೆ ಚೆಲ್ಲಿ, ಅಷ್ಟೇ, ಅಂದರು. ನಿನ್ನ ಮುಖ ಬಾಡಿಹೋಯಿತು. ಮಂಡ್ಯದವನಿಗೆ ಬಸ್ಸಾರು ಉಣ್ಣಬೇಡ ಅಂದರೆ ಇನ್ನೇನುಳಿಯಿತು? ಸೊಪ್ಪು, ಕಾಳು ಬೇಯಿಸಿ ಬಸಿದ ಆ ಕಟ್ಟೇ ಅಲ್ಲವಾ ನಮ್ಮ ಸಾರು? ಮನೆಗೆ ಬಂದು ನಾನು ಕಟ್ಟು ಚೆಲ್ಲುವಾಗ ಸಿಂಕಿನ ಪಕ್ಕ ಬಂದು ನಿಂತು, "ಮನೆದೇವ್ರನ್ನೇ ಬಚ್ಚಲಿಗೆ ಬುಟ್ಟಂಗಾಯ್ತಲ್ಲವ್ವಾ" ಅಂದೆ. ನಾನು ನಕ್ಕೆ, ನೀನು ನಗಲಿಲ್ಲ.

ಲಿವರ್‌ಮೋರಿನ ದೇವಸ್ಥಾನದಲ್ಲಿ ನಿನ್ನ ಹೆಸರಿನ ಪೂಜೆ ಮುಗಿಸಿ ಪಾರ್ಕಿಂಗಿಗೆ ಇಳಿದು ಬಂದಾಗ ಫೋನು ಬಂತು. ಸೆಂಟರಿನಲ್ಲಿ ನಿನ್ನ ಎದುರು ಕುರ್ಚಿಯಲ್ಲಿ ಕೂರುತ್ತಿದ್ದ ಗುಜರಾತಿ ಅಜ್ಜನ ಸೊಸೆ. ನೀನು ಹೋದದ್ದು ಅವಳಿಗೆ ಗೊತ್ತೇ ಇರಲಿಲ್ಲ. "ಅಂಕಲ್ ಹೇಗಿದ್ದಾರೆ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ತನ್ನ ಮಾವನ ಕಥೆ ಶುರು ಮಾಡಿದಳು. ಕುಂಕುಮದ ಪೊಟ್ಟಣ ಕೈಯಲ್ಲಿ ಹಿಡಿದು ಅಷ್ಟನ್ನೂ ಕೇಳಿಸಿಕೊಂಡೆ, ಯಾರಿಗೆ ಫೋನು ಮಾಡಬೇಕು, ಏನು ಹೇಳಬೇಕು ಅಂತ ಹೇಳಿಕೊಟ್ಟೆ. ಆಮೇಲೆ ಕಾರಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಸೆಂಟರಿನ ಸೋಷಿಯಲ್ ವರ್ಕರ್ ರೋಸ್ ನೆನಪಿದ್ದಾರಲ್ಲ, ನಿನಗೆ ಬೆಚ್ಚನೆ ಕಂಬಳಿ ತಂದು ಹೊದಿಸುತ್ತಿದ್ದ ಫಿಲಿಪಿನೋ ಹೆಂಗಸು? ನೀನು ಹೋದ ಮೇಲೆ ನನ್ನನ್ನು ಮಾತಾಡಿಸಿಕೊಂಡು ಹೋಗಲು ಅವರು ಮನೆಗೆ ಬಂದಾಗ ಇದನ್ನು ಹೇಳಿದೆ. "ಹೇಗೂ ಈ ಕೆಲಸ ಮಾಡ್ತಾನೇ ಇದ್ದೀಯ, ಓದಿ ಮಾಡು" ಅಂದರು. ಅಷ್ಟೇ ನೋಡು. ಅರ್ಜಿ ಹಾಕಿಬಿಟ್ಟೆ.

ಡ್ಯಾನ್‌ವಿಲ್‌ನಲ್ಲಿ ಒಂದು ಯುಗಾದಿ ಊಟಕ್ಕೆ ಹೋಗಿದ್ದೆವು. ದೊಡ್ಡ ಮನೆ, ಹಿಂದೆ ಸ್ವಿಮ್ಮಿಂಗ್ ಪೂಲು, ಒಬ್ಬಟ್ಟಿನ ಜೊತೆ ಷೇರು ಮಾರ್ಕೆಟ್ಟಿನ ಮಾತು. ಒಬ್ಬರು, "ಏನ್ ಓದ್ತಿದೀರಾ?" ಅಂದರು. ಹೇಳಿದೆ. "ಸೋಷಿಯಲ್ ವರ್ಕಾ? ಅದಕ್ಕೂ ಡಿಗ್ರಿ ಬೇಕಾ? ನಾವೂ ವೀಕೆಂಡ್ ಮಾಡ್ತೀವಲ್ಲ!" ಅಂತ ನಕ್ಕರು. ಮೈಯೆಲ್ಲ ಉರಿಯಿತು. ಅದೇ ಮನುಷ್ಯ ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ತಾಯಿಗೆ ಉಸಿರಾಟದ ತೊಂದರೆ, ಇನ್ಶೂರೆನ್ಸ್ ಇಲ್ಲ, ಸರ್ಕಾರದ ಆಸ್ಪತ್ರೆಗೆ ಹೋದರೆ ಗ್ರೀನ್ ಕಾರ್ಡಿಗೆ ಕುತ್ತು ಬರುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ, ಏನು ಮಾಡಲಿ ಅಂತ ಮೆಲ್ಲಗೆ ಕೇಳಿದರು. ಅಷ್ಟು ದೊಡ್ಡ ಮನೆಯ ಒಂದು ಕೋಣೆಯಲ್ಲಿ ಆ ತಾಯಿ ಭಯಪಟ್ಟುಕೊಂಡು ಕೆಮ್ಮನ್ನು ತಡೆದು ಕೂತಿದ್ದರು. ಯಾರ ಮೇಲೆ ಸಿಟ್ಟು ಮಾಡಲಿ ಹೇಳು?

ಟ್ರೈನಿಂಗಿಗೆ ನಿನ್ನ ಸೆಂಟರಿಗೇ ಹಾಕಿದರು, ರೋಸ್ ಕೈಕೆಳಗೆ. ಮೊದಲ ದಿನ ನಿನ್ನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು, ಸುಮ್ಮನೆ ದಾಟಿಕೊಂಡು ಹೋದೆ. ಆಮೇಲೆ ಗೊತ್ತಾಯಿತು, ಇದು ಗುಡ್ಡಕ್ಕೆ ಕಲ್ಲು ಹೊರುವ ಕೆಲಸ. ಬೆಳಗಿನಿಂದ ಸಂಜೆತನಕ ಫೋನು ಕಿವಿಗಿಟ್ಟುಕೊಂಡು, ಕಾಯುತ್ತಿರಿ ಅಂತ ಕಚೇರಿಯವರು ಹಾಕುವ ಸಂಗೀತ ಕೇಳಬೇಕು. ಈ ಕಚೇರಿಯವರು ಆ ಕಚೇರಿಗೆ ಕೇಳಿ ಅನ್ನುತ್ತಾರೆ, ಆ ಕಚೇರಿಯವರು ಊಟಕ್ಕೆ ಹೋಗಿರುತ್ತಾರೆ. ಕನ್ನಡದವರು ಬಂದರೆ ಹಿಂದಿ ದುಭಾಷಿಯನ್ನು ಫೋನಿಗೆ ತರುತ್ತಾರೆ. ಇಂಡಿಯಾ ಅಂದರೆ ಹಿಂದಿ ತಾನೇ! ಕನ್ನಡದವರು ಬೇಕು ಅಂದರೆ ಮುಂಚೆಯೇ ಹೇಳಿಡಬೇಕು, ಹೇಳಿಟ್ಟರೂ ಬಂದರೆ ಬಂದರು. ಇಷ್ಟೆಲ್ಲ ಗುದ್ದಾಡಿ ಮನೆಗೆ ಬಂದರೆ ಅನನ್ಯಾ, "ಅಮ್ಮಾ, ಯು ಲುಕ್ ಟೆರಿಬಲ್" ಅಂತಾಳೆ. ಅದಕ್ಕೆ ಕನ್ನಡದಲ್ಲಿ ಬೈದರೆ ಅವಳಿಗೆ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

ಜಯಮ್ಮ ಬಂದದ್ದು ಆಗ. ರೋಗಿಗಳ ವಿಷಯ ಹೊರಗೆ ಆಡಬಾರದು ಅಂತ ನಮಗೆ ಕಟ್ಟುನಿಟ್ಟು ಇದೆ, ಅದಕ್ಕೇ ಹೆಸರು ಬದಲಾಯಿಸಿದ್ದೇನೆ. ನೀನೂ ಯಾರಿಗೂ ಹೇಳಬೇಡ! ನಾಗಮಂಗಲದ ಕಡೆಯವರು, ಇನ್ನೂ ಅರವತ್ತು ತುಂಬಿಲ್ಲ. ಮಗ ಮಹೇಶ ಇಂಜಿನಿಯರ್, ಸೊಸೆ ಪವಿತ್ರಾ, ತೊದಲು ಮಾತಿನ ಮೊಮ್ಮಗ. ನಮ್ಮ ಮನೆಯಿಂದ ನಾಲ್ಕು ಸಿಗ್ನಲ್ ಆಚೆ ಅವರ ಮನೆ. ಮಹೇಶ ತಾಯಿಗೆ ತನ್ನದೇ ಒಂದು ಕಿಡ್ನಿ ಕೊಡುತ್ತೇನೆಂದು ಹಟ ಹಿಡಿದಿದ್ದ. ಕಸಿ ಮಾಡುವ ದೊಡ್ಡಾಸ್ಪತ್ರೆಗೆ ನಮ್ಮ ಡಾಕ್ಟರು ಕಾಗದ ಬರೆದು ಕಳಿಸಬೇಕು. ಅವರು ಬರೆಯಲಿಲ್ಲ. ಯಾಕೆಂದರೆ ಪ್ರತಿ ತಿಂಗಳೂ ಜಯಮ್ಮನ ಪೊಟ್ಯಾಶಿಯಂ ಏರಿಕೊಂಡೇ ಇತ್ತು. "ನಾನ್-ಕಂಪ್ಲಯಂಟ್" ಅಂತ ಹಣೆಪಟ್ಟಿ ಹಚ್ಚಿದ್ದರು. ಹೇಳಿದ ಮಾತು ಕೇಳದ ರೋಗಿ. ಊಟದಲ್ಲಿ ಇಷ್ಟು ಪಥ್ಯ ಮಾಡದವರು ಕಸಿ ಆದಮೇಲೆ ಮಾತ್ರೆಗಳನ್ನು ಸರಿಯಾಗಿ ನುಂಗುತ್ತಾರೆ ಅಂತ ಏನು ಗ್ಯಾರಂಟಿ? ಮುಂದಿನ ಪರೀಕ್ಷೆಯಲ್ಲೂ ಇಳಿಯದಿದ್ದರೆ ಕಸಿಯ ಮಾತು ಕೈಬಿಡೋಣ ಅಂತ ಮೀಟಿಂಗಿನಲ್ಲಿ ತೀರ್ಮಾನವಾಯಿತು. ಡಾಕ್ಟರು ಕೆಟ್ಟವರಲ್ಲ ಅಪ್ಪ, ಅವರ ಕಣ್ಣಿನ ಕೆಳಗೂ ನನ್ನಷ್ಟೇ ಕಪ್ಪು.

ಮಹೇಶನಿಗೆ ಫೋನು ಮಾಡಿದಾಗ ಅವನು ಇನ್ನೇನು ಅಳುವುದೊಂದು ಬಾಕಿ. "ಮೇಡಂ, ಅವರು ಹೇಳ್ದಂಗೇ ಮಾಡ್ತಿದೀವಿ. ಬಾಯ್ಲ್ ಮಾಡ್ತೀವಿ, ಡ್ರೈನ್ ಮಾಡ್ತೀವಿ. ಪೊಟ್ಯಾಟೊ ಮನೇಗೇ ತರಲ್ಲ. ಬಾಳೆಹಣ್ಣು ಮಗೂಗೂ ಕೊಡ್ತಿಲ್ಲ. ಇನ್ನೇನ್ ಮಾಡ್ಬೇಕು ಹೇಳಿ!" ಜಯಮ್ಮನನ್ನು ಕೇಳಿದರೆ, "ಎಲ್ಲಾ ಚೆನ್ನಾಗದೆ ಕಣವ್ವಾ. ನಿಂದು ಊಟ ಆಯ್ತಾ?" ಡಾಕ್ಟರು ಕೇಳಿದರೂ ಅದೇ, ನರ್ಸು ಕೇಳಿದರೂ ಅದೇ. ಕಾಲು ಬಾತುಕೊಂಡಿದ್ದರೂ ಚೆನ್ನಾಗದೆ. ಅವತ್ತು ರೋಸ್ ರೂಮಿಗೆ ಹೋಗಿ, "ನನ್ನ ಕೈಲಾಗಲ್ಲ, ಇದೊಂದು ಮನೆಗೆ ಹೋಗಿ ಬಂದು ಬಿಟ್ಟುಬಿಡ್ತೀನಿ" ಅಂದೆ. ಯಾರನ್ನೂ ಉಳಿಸಿಕೊಳ್ಳಲಾಗದ ಓದು ಓದಿ ಏನು ಮಾಡಲಿ? ಅವರು ವಾದ ಮಾಡಲಿಲ್ಲ. ಹೋಗಿ ಬಾ ಅಂದರು.

ಪವಿತ್ರಾ ಬಾಗಿಲು ತೆಗೆದಾಗ ಒಳಗಿನಿಂದ ಬಂದ ಪರಿಮಳಕ್ಕೆ ನನ್ನ ಕಾಲು ಹೊಸಿಲಲ್ಲೇ ನಿಂತಿತು. ಬೆಳ್ಳುಳ್ಳಿ, ಜೀರಿಗೆ, ಸುಟ್ಟ ಈರುಳ್ಳಿ, ಬೆಂದ ದಂಟಿನ ಸೊಪ್ಪು. ಬಿಸಿಲು ನೆತ್ತಿಗೇರುವ ಹೊತ್ತು, ಅಡುಗೆ ಮನೆಯಲ್ಲಿ ಅವಳು ಆಗತಾನೆ ಕುಕ್ಕರಿನ ಸೊಪ್ಪು, ಬೇಳೆಯನ್ನು ಜಾಲರಿಗೆ ಸುರಿದು ಕೆಳಗೆ ಪಾತ್ರೆ ಇಟ್ಟಿದ್ದಳು. ಫ್ರಿಜ್ಜಿನ ಬಾಗಿಲಿಗೆ ಡಯೆಟಿಷಿಯನ್ ಕೊಟ್ಟ ಇಂಗ್ಲಿಷ್ ಹಾಳೆ, ನೀರು ಬಸಿಯಿರಿ ಅನ್ನುವ ಸಾಲಿನ ಕೆಳಗೆ ಕೆಂಪು ಗೆರೆ. ನಿನ್ನ ಪ್ರಶ್ನೆಯನ್ನೇ ಕೇಳಿದೆ ಅಪ್ಪ. "ಬಸಿದ ನೀರನ್ನ ಏನ್ ಮಾಡ್ತೀರಾ ಪವಿತ್ರಾ?"

"ಅಯ್ಯೋ, ಅದನ್ನ ಯಾರಾದ್ರೂ ಚೆಲ್ತಾರಾ ಮೇಡಂ?" ಅಂತ ಪವಿತ್ರಾ ನಕ್ಕಳು. "ಅತ್ತೆಗೆ ಅದ್ರಲ್ಲೇ ಸಾರು ಮಾಡಿ ಸಣ್ಣ ಮುದ್ದೆ ಜೊತೆ ಕೊಡ್ತೀನಿ. ಸೊಪ್ಪು ಅವರಿಗೆ ಬೇಡ ಅಂದಿದಾರಲ್ಲ, ಅದನ್ನ ನಾವು ಪಲ್ಯ ಮಾಡ್ಕೊಂಡು ತಿಂತೀವಿ." ಎಂಥ ಅಚ್ಚುಕಟ್ಟು ನೋಡು! ಹೇಳಿದ್ದರಲ್ಲಿ ಒಂದನ್ನೂ ಬಿಡದೆ ಪಾಲಿಸಿದ್ದಳು. ಬೇಯಿಸಿದ್ದಳು, ಬಸಿದಿದ್ದಳು, ತರಕಾರಿಯನ್ನು ಅತ್ತೆಯಿಂದ ದೂರ ಇಟ್ಟಿದ್ದಳು. ಸೊಪ್ಪಿನಿಂದ ಇಳಿದು ಬಂದದ್ದೆಲ್ಲ ಯಾವ ನೀರಿನಲ್ಲಿತ್ತೋ ಆ ನೀರನ್ನು ಮಾತ್ರ ಒಗ್ಗರಣೆ ಹಾಕಿ, ಪ್ರೀತಿಯಿಂದ, ದಿನಾ ಅತ್ತೆಯ ತಟ್ಟೆಗೆ ಬಡಿಸಿದ್ದಳು. ಆ ಕಡೆಯವರಿಗೆ ಬಸಿದ ನೀರು ಸಿಂಕಿಗೆ ಹೋಗುವ ನೀರು, ಅವರು ಅದನ್ನು ಯಾಕೆ ಬಿಡಿಸಿ ಹೇಳುತ್ತಾರೆ? ಈ ಕಡೆಯವರಿಗೆ ಅದೇ ಸಾರು, ಇವರು ಯಾಕೆ ಕೇಳುತ್ತಾರೆ? ಇದರಲ್ಲಿ ಹೇಳಿದ ಮಾತು ಕೇಳದವರು ಯಾರು ಅಪ್ಪ?

ವಿಷಯ ತಿಳಿದಾಗ ಪವಿತ್ರಾ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. "ನಾನೇ ನನ್ ಕೈಯಾರೆ... ದಿನಾ..." ಅಂದಳು. ಹಾಲಿನ ಸೋಫಾದಲ್ಲಿ ಮೊಮ್ಮಗನನ್ನು ಆಡಿಸುತ್ತಿದ್ದ ಜಯಮ್ಮ ಗೋಡೆ ಹಿಡಿದುಕೊಂಡು ಎದ್ದು ಬಂದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೊಸೆಯ ತಲೆ ಮೇಲೆ ಕೈಯಿಟ್ಟು, "ಅಳಬ್ಯಾಡ ಸುಮ್ಕಿರು. ನೀನೇನ್ ಬೇಕೂಂತ ಮಾಡ್ದ್ಯಾ? ಸಾರಂತೂ ಚೆನ್ನಾಗಿತ್ತು" ಅಂದರು. ಪವಿತ್ರಾ ಅಳುವಿನ ನಡುವೆಯೇ ನಕ್ಕುಬಿಟ್ಟಳು. ನನಗೆ ನಗುವುದಕ್ಕೂ ಆಗಲಿಲ್ಲ, ಅಳುವುದಕ್ಕೂ ಆಗಲಿಲ್ಲ. ಆ ಪಾತ್ರೆಯ ಕಟ್ಟನ್ನು ಸಿಂಕಿಗೆ ಚೆಲ್ಲಿದವಳು ನಾನೇ.

ಮರುದಿನದ ಮೀಟಿಂಗಿನಲ್ಲಿ ಬಸ್ಸಾರನ್ನು ಇಂಗ್ಲಿಷಿನಲ್ಲಿ ವಿವರಿಸಿದೆ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಹೇಗೆ ಬೇಯಿಸುವುದು, ಹೇಗೆ ಬಸಿಯುವುದು, ಯಾವುದು ಪಲ್ಯ, ಯಾವುದು ಸಾರು. ಡಯೆಟಿಷಿಯನ್ ಬಾಯಿ ಮೇಲೆ ಕೈಯಿಟ್ಟುಕೊಂಡರು. ಡಾಕ್ಟರು, ಸರಿ ಹಾಗಾದರೆ, ಮುಂದಿನ ರಕ್ತಪರೀಕ್ಷೆ ನೋಡೋಣ, ಅಂದು ಮುಂದಿನ ರೋಗಿಯ ಫೈಲಿಗೆ ಕೈ ಹಾಕಿದರು. ಆಗ ನನ್ನ ದನಿ ತಾನಾಗಿಯೇ ಏರಿತು. ನಾನ್-ಕಂಪ್ಲಯಂಟ್ ಅನ್ನುವ ಆ ಮಾತನ್ನು ಜಯಮ್ಮನ ದಾಖಲೆಯಿಂದ ತೆಗೆಯಿರಿ, ಅವರು ನೀವು ಹೇಳಿದ್ದೆಲ್ಲ ಮಾಡಿದ್ದಾರೆ, ಅಂದೆ. ಡಾಕ್ಟರು ಹಿಂದಿನ ಫೈಲನ್ನು ಮತ್ತೆ ತೆರೆದು, ತೆಗೆಯುತ್ತೇನೆ ಅಂದರು. ಗೆದ್ದೆ ಅನ್ನಿಸಲಿಲ್ಲ ಅಪ್ಪ. ಇಂಥ ಎಷ್ಟು ಮನೆಗಳಲ್ಲಿ ಇಂಥ ಎಷ್ಟು ಪಾತ್ರೆಗಳಿವೆಯೋ, ಎಲ್ಲ ಅಡುಗೆಮನೆಗೂ ಯಾರು ಹೋಗುತ್ತಾರೆ...

ಮುಂದಿನ ಪರೀಕ್ಷೆಯಲ್ಲಿ ಪೊಟ್ಯಾಶಿಯಂ ಇಳಿದಿತ್ತು. ಮಹೇಶ ಸೆಂಟರಿಗೆಲ್ಲ ಸಿಹಿ ಹಂಚಿದ. ಇವತ್ತು ಬೆಳಿಗ್ಗೆ ಡಾಕ್ಟರು ಅವರನ್ನು ಕೂರಿಸಿಕೊಂಡು ಕಸಿಯ ಬಗ್ಗೆ ಮಾತಾಡಬೇಕಿತ್ತು. ಕಾಗದ ಕಳಿಸುವ ಮುಂಚೆ ರೋಗಿಯ ಇಷ್ಟ ಕೇಳುವುದು ನಿಯಮ. ಕನ್ನಡದ ದುಭಾಷಿಗೆ ಹೇಳಿಟ್ಟಿದ್ದೆವು, ಫೋನಿನಲ್ಲಿ ಬಂದವರು ಎಂದಿನಂತೆ ಹಿಂದಿಯವರು. ಮಹೇಶ, "ಬಿಡಿ ಮೇಡಂ, ನಾನೇ ಹೇಳ್ತೀನಿ. ಅಮ್ಮಂಗೆ ಓಕೆನೇ, ಅವರಿಗೇನ್ ಗೊತ್ತಾಗುತ್ತೆ" ಅಂದು ತಾನೇ ಎಲ್ಲದಕ್ಕೂ ಉತ್ತರ ಕೊಡಲು ಶುರುಮಾಡಿದ. ಹೌದು, ಅಮ್ಮ ಒಪ್ಪಿದ್ದಾರೆ. ಹೌದು, ಕಿಡ್ನಿ ಕೊಡುವವನು ನಾನೇ. ಅವನ ದನಿಯಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಜಯಮ್ಮ ಸೆರಗಿನ ತುದಿ ಸುತ್ತುತ್ತಾ ನೆಲ ನೋಡುತ್ತಿದ್ದರು. ನಾನು ಡಾಕ್ಟರ ಅನುಮತಿ ಕೇಳಿದೆ. "ಮಹೇಶ್, ಎರಡು ನಿಮಿಷ ಸುಮ್ನಿರಿ" ಅಂದೆ. ಜಯಮ್ಮನ ಕುರ್ಚಿಯ ಪಕ್ಕ ಮಂಡಿಯೂರಿ ಕೂತು ಕೇಳಿದೆ. "ಜಯಮ್ಮನೋರೇ, ನಿಮಗೇನ್ ಬೇಕು?"

ಅವರು ಮಗನ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಾ ಬದುಕ್ಬೇಕು ಕಣವ್ವಾ. ಸಾಯಕ್ಕೆ ಇಷ್ಟಿಲ್ಲ ನಂಗೆ. ಮೊಮ್ಮಗ ಇನ್ನೂ ನೆಟ್ಟಗೆ ಅಜ್ಜಿ ಅನ್ನಕ್ಕಿಲ್ಲ. ಯಾರ್ದಾದ್ರೂ ಸಿಕ್ರೆ ಹಾಕ್ಲಿ, ಎಷ್ಟ್ ದಿನ ಆದ್ರೂ ಕಾಯ್ತೀನಿ. ಆದ್ರೆ ನನ್ ಮಗಂದು ಮಾತ್ರ ಬ್ಯಾಡ. ಅವ್ನ ಮೈಗೆ ಕತ್ತಿ ಹಾಕ್ಬ್ಯಾಡಿ ಅಂತ ಡಾಕ್ಟ್ರಿಗೆ ಹೇಳು. ಇವ್ನು ಕೇಳಕ್ಕಿಲ್ಲ ಅಂತ ಇಷ್ಟ್ ದಿನ ಬಾಯಿ ಬುಟ್ಟಿರ್ನಿಲ್ಲ."

"ಅಮ್ಮಾ!" ಅಂತ ಮಹೇಶ ಎದ್ದು ನಿಂತ. ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ, "ಮೇಡಂ, ಅದನ್ನ ಮಾತ್ರ ಅವರಿಗೆ ಹೇಳ್ಬೇಡಿ. ಪ್ಲೀಸ್. ಲಿಸ್ಟಲ್ಲಿ ಕಾಯೋದು ಅಂದ್ರೆ ಏನು ಅಂತ ನಿಮಗೆ ಗೊತ್ತು" ಅಂದ. ಗೊತ್ತು ಅಪ್ಪ. ಇಲ್ಲಿ ಬೇರೆಯವರ ಕಿಡ್ನಿಗೆ ಕಾಯುವುದು ಅಂದರೆ ವರ್ಷಗಟ್ಟಲೆ ಕಾಯುವುದು, ಕಾಯುತ್ತಲೇ ಹೋದವರನ್ನೂ ನೋಡಿದ್ದೇನೆ. ಕನ್ನಡ ಬಲ್ಲವರು ಆ ಕೋಣೆಯಲ್ಲಿ ನಾವು ಮೂವರೇ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಯಮ್ಮನ ಮಾತು ಅಲ್ಲೇ ಮುಗಿಯುತ್ತಿತ್ತು, ಬಹುಶಃ ಆಯುಷ್ಯ ಬೆಳೆಯುತ್ತಿತ್ತು. ಡಾಕ್ಟರು ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ.

ಡಾಕ್ಟರು ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಜಯಮ್ಮನ ಕಡೆಗೆ ಎಳೆದುಕೊಂಡರು. ಅವರನ್ನೇ ನೋಡುತ್ತಾ ಮತ್ತೊಮ್ಮೆ ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಜಯಮ್ಮ ಮತ್ತೆ ಅದೇ ಉತ್ತರ ಕೊಟ್ಟರು, ಈ ಸಲ ಮಗನನ್ನು ನೋಡದೆ. ಕಾಗದ ಹೋಗುತ್ತದೆ, ಹೆಸರು ಕಾಯುವವರ ಸಾಲಿಗೆ ಸೇರುತ್ತದೆ, ಮಗನ ಕಿಡ್ನಿ ಬೇಡ ಅನ್ನುವುದೂ ಅದರಲ್ಲಿ ಇರುತ್ತದೆ. ಹೊರಗೆ ಕಾರಿಡಾರಿನಲ್ಲಿ ಮಹೇಶ ಗೋಡೆಗೊರಗಿ ನಿಂತಿದ್ದ. "ನೀವು ನಮ್ಮ ಕಡೆಯವರು ಅಂದ್ಕೊಂಡಿದ್ದೆ ಮೇಡಂ" ಅಂದ. ಅವನ ಪಕ್ಕ ನಾನೂ ಗೋಡೆಗೊರಗಿ ನಿಂತೆ.

ರೋಸ್ ಮಧ್ಯಾಹ್ನ, ಬಿಡುವ ವಿಚಾರ ಏನಾಯಿತು ಅಂತ ಕೇಳಿದರು. ಬಿಡುವುದಿಲ್ಲ ಅಂದೆ. ಓದು ಮುಗಿದ ಮೇಲೆ ಇಲ್ಲೇ ಕೆಲಸ ಇದೆ ಅಂದರು, ಅದಕ್ಕೂ ಹೂಂ ಅಂದೆ. ಸುಸ್ತೇನೂ ಕಡಿಮೆಯಾಗಿಲ್ಲ, ಸೋಮವಾರ ಬೆಳಿಗ್ಗೆ ಮತ್ತೆ ಅದೇ ಫೋನಿನ ಸಂಗೀತ. ಆದರೆ ಒಂದು ಮಾತು ಕೊಡುತ್ತೇನೆ ಅಪ್ಪ. ಆ ಸೆಂಟರಿನಲ್ಲಿ ಇನ್ನು ಮುಂದೆ ಯಾರೇ ಬಂದು ಕೂರಲಿ, ಅವರ ಭಾಷೆ ಯಾವುದೇ ಆಗಿರಲಿ, ಪಕ್ಕದಲ್ಲಿ ನಿಂತ ಮಗನನ್ನೋ ಮಗಳನ್ನೋ ಕೇಳುವ ಮುಂಚೆ ಅವರನ್ನೇ ಕೇಳಿಸುತ್ತೇನೆ.

ಅಷ್ಟು ವರ್ಷ ನೀನು ಅಲ್ಲಿಗೆ ಹೋದೆ, ಬಂದೆ. ಎಷ್ಟು ಡಾಕ್ಟರು, ಎಷ್ಟು ನರ್ಸು. ಎಲ್ಲರೂ ಒಳ್ಳೆಯವರೇ. ಎಲ್ಲರೂ ನನ್ನನ್ನು ನೋಡಿಕೊಂಡೇ ಮಾತಾಡಿದರು. ನಿನಗೇನು ಬೇಕು ಅಂತ ನಿನ್ನನ್ನು, ಕನ್ನಡದಲ್ಲಿ, ಯಾರೂ ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ನೀನು ಏನು ಹೇಳುತ್ತಿದ್ದೆ? ಇವತ್ತೆಲ್ಲ ಯೋಚನೆ ಮಾಡಿದೆ. ನಿನ್ನ ದನಿ ಕಿವಿಯಲ್ಲಿದೆ, ನಗು ಕಣ್ಣೆದುರಿಗಿದೆ, ಆ ಉತ್ತರ ಮಾತ್ರ ನನಗೆ ಗೊತ್ತಿಲ್ಲ ಅಪ್ಪ.

ನಿನ್ನ ಮಗಳು,
ಶೋಭ